ಕನ್ನಡಕದ ಡಬ್ಬಿ

ಅವ್ವನನ್ನು ಹೂಳಿದ ನಲವತ್ತೊಂದನೆಯ ದಿನ
ಬೆಟಗೇರಿಯಿಂದ ಹೊರಟೆ, ನಾಲಿಗೆಯ ಮೇಲೆ
ಬೈಗುಳಗಳನ್ನು ಸಾಲಾಗಿ ನಿಲ್ಲಿಸಿಕೊಂಡು.
ಕ್ಯಾಸಲ್ ರಾಕ್ ದಾಟಿ ಘಾಟು ಇಳಿಯುವಾಗ
ಸುರಂಗಕ್ಕೊಂದರಂತೆ ಮತ್ತೆ ಹೇಳಿಕೊಂಡೆ:
ಪೆಟ್ಟಿಗೆಗೆ ಹೆಗಲು ಕೊಟ್ಟವರು ಪಕ್ಕದ ಓಣಿಯವರು, ರಾಹೇಲ.
ಬಲಗೈಯಿಂದ ನನ್ನ ಪಾಲಿನ ಮಣ್ಣು ಹಾಕಿದೆ,
ಎಡಗೈಯಿಂದ ನಿನ್ನದು.

ವಾಸ್ಕೋದ ಮಾಂಗೋರ್ ಹಿಲ್. ಮೆಟ್ಟಿಲ ಎರಡೂ ಕಡೆ
ನಮ್ಮದೇ ಮಾತು:
ಕುಷ್ಟಗಿಯ ಜಗಳ, ರೋಣದ ರೊಟ್ಟಿ ಬಡಿತ,
ಬಂದರಿನಿಂದ ಮರಳಿದ ಗಂಡಸರ ಕೆಂಪು ಧೂಳಿನ ಕೆಮ್ಮು.
ಕಟಿಂಗ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯೇ ಅವಳ ಸಭೆ.
ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡ,
ಹಡಗಿನ ಸರಕು ಪೆಟ್ಟಿಗೆಯ ಹಲಗೆಯಿಂದ ಮಾಡಿದ ಶಿಲುಬೆ;
ಯಾವ ಬದಿ ಮೇಲೆಂದು ತೋರುವ ಬಾಣದ ಗುರುತು
ಇನ್ನೂ ಅಳಿಸಿಲ್ಲ.

"ಬಸ್ಸಿರಲಿಲ್ಲೇನು?"
"ಇತ್ತು."
"ರೊಕ್ಕ?"
"ಅದೂ ಇತ್ತು."
ಖಾರಿವಾಡದ ಜೆಟ್ಟಿಯಲ್ಲಿ ಜಾರಿ ಬಿದ್ದ ಒಬ್ಬ ಹುಡುಗ,
ಒಡಿಶಾದವನು, ಹೆಸರೂ ಸರಿಯಾಗಿ ಗೊತ್ತಿಲ್ಲ,
ಆಸ್ಪತ್ರೆಯಲ್ಲಿ ಜೊತೆಗಿರುತ್ತೇನೆಂದು ಮಾತು ಕೊಟ್ಟಿದ್ದಳಂತೆ.
"ಉಳಿದನೇನು?"
"ಇಲ್ಲ."

ಮೊದಲು ಹೋಗಿ ತಂದೆಯನ್ನು ಮಣ್ಣು ಮಾಡಿ ಬರುವೆ ಎಂದವನಿಗೆ
ಗುರು ಕೊಟ್ಟ ಉತ್ತರ ನನಗೂ ಗೊತ್ತು.
ಭಾನುವಾರದ ಶಾಲೆಯಲ್ಲಿ ಅದನ್ನು ತಪ್ಪಿಲ್ಲದೆ ಒಪ್ಪಿಸಿ
ಪೆಪ್ಪರಮಿಂಟು ಗೆದ್ದವನು ನಾನು, ಅವಳಲ್ಲ.
ಅಷ್ಟೇ ಇತ್ತು ಅದು ಆಗ, ನಾಲಿಗೆಗೆ ತಣ್ಣಗೆ.
ಅದೇ ಮಾತು ಈಗ ನಮ್ಮ ಅಂಗಳಕ್ಕೆ ಬಂದು
ನಮ್ಮವ್ವನತ್ತಲೇ ಬೆರಳು ತೋರಿಸುತ್ತದೆಂದು
ಯಾರೂ ಹೇಳಿರಲಿಲ್ಲ.

ನೇಗಿಲು ಹಿಡಿದವ ಹಿಂದೆ ನೋಡಬಾರದೆಂದವನು
ಮಗ್ಗದ ಮುಂದೆ ಕೂತವನಲ್ಲ, ಎಂದೆ ಸಿಟ್ಟಿನಲ್ಲಿ.
ಅವ್ವನ ಲಾಳಿ ಹೋದದ್ದು ಬರದಿದ್ದರೆ
ಒಂದು ಗೇಣು ಸೀರೆಯಾದರೂ ಆಗುತ್ತಿತ್ತೇ?
ಎಷ್ಟು ಸಲ ಹೋಯಿತೋ ಅಷ್ಟು ಸಲ ಬಂತು,
ಅವಳ ಕಣ್ಣು ಮಂಜಾದ ಮೇಲೂ.

ರಾಹೇಲ ಬಹಳ ಹೊತ್ತು ಲೋಟದ ಅಂಚು ಒರೆಸಿದಳು.
"ಭಕ್ತಿ ಅಲ್ಲೋ ಅಣ್ಣಾ, ಅಂಜಿಕಿ.
ಬಂದಿದ್ರ ಅವ್ವನ ಮಗ್ಗದ ಮ್ಯಾಲೆ ಕೈ ಇಡತಿದ್ನಿ.
ಇಟ್ಟಿದ್ರ, ತಿರುಗಿ ಈ ಮೆಟ್ಟಲಾ ಹತ್ತತಿರಲಿಲ್ಲ.
ಆತ ಕರದಾಗ ನಾ ಏನು ದೊಡ್ಡಾಕಿ ಆಗಿ ಎದ್ದು ಬಂದಾಕಿ ಅಲ್ಲ.
ಕಾಲು ನಡಗಿಸಿಕೋತ ಬಂದ್ನಿ.
ಇನ್ನೂ ನಡಗತಾವ."

ಸಾಲು ಚದುರಿತು. ಉಳಿದದ್ದು ಕೊಡಬೇಕಾದದ್ದು:
ಅವ್ವನ ಕನ್ನಡಕ. ಒಂದು ಕಾಲಿಗೆ
ಅವಳೇ ಸುತ್ತಿದ ಹಳದಿ ರೇಷ್ಮೆ ಎಳೆ.
ರಾಹೇಲ ಹಾಕಿಕೊಂಡಳು, ತೆಗೆದಳು,
ಮೂಗಿಗೆ ಹಿಡಿದು ವಾಸನೆ ನೋಡಿದಳು.

ಅಷ್ಟರಲ್ಲಿ ಪಕ್ಕದ ಹುಲಿಗೆವ್ವ ಲಗ್ನಪತ್ರಿಕೆ ಹಿಡಿದು ಬಂದಳು.
ಓದು ಬಲ್ಲವಳೇ, ಅಕ್ಷರ ಮಾತ್ರ ಇರುವೆಯಂತೆ ಹರಿದಾಡುತ್ತವಂತೆ.
ರಾಹೇಲ ಎದ್ದು ಆ ಕನ್ನಡಕವನ್ನು
ಅವಳ ಮುಖಕ್ಕೆ ಏರಿಸಿಬಿಟ್ಟಳು.
ನನ್ನ ಕೈ ಅರ್ಧ ಎದ್ದಿತ್ತು. ಅಲ್ಲೇ ನಿಂತಿತು.
ಹುಲಿಗೆವ್ವನ ಬೆರಳು ಸುಖಾಗಮನ ಬಯಸುವವರ ಪಟ್ಟಿಯಲ್ಲಿ
ಒಂದೊಂದೇ ಹೆಸರು ತಡವುತ್ತ ಇಳಿಯಿತು, ಕಡೆಯ ಸಾಲಿನವರೆಗೆ.
"ಹಾಕ್ಯಾರ! ನನ್ನ ಹೆಸರೂ ಹಾಕ್ಯಾರವ್ವಾ."
ಕನ್ನಡಕ ತೆಗೆಯುವುದನ್ನೇ ಮರೆತು ಮೆಟ್ಟಿಲಿಳಿದಳು.
ನಾವಿಬ್ಬರೂ ಕೂಗಲಿಲ್ಲ.

ಕುಳೆಂನಲ್ಲಿ ಇನ್ನೊಂದು ಎಂಜಿನ್ ಜೋಡಿಸಿದರು.
ಏರು ಶುರುವಾಯಿತು.
ಜೇಬಿನಲ್ಲಿ ಖಾಲಿ ಡಬ್ಬಿ. ತೆರೆದೆ, ಮುಚ್ಚಿದೆ, ತೆರೆದೆ.
ಅವಳನ್ನಿನ್ನೂ ಕ್ಷಮಿಸಿಲ್ಲ ನಾನು,
ಪೆಪ್ಪರಮಿಂಟು ಕೊಡಿಸಿದ ಆ ಮಾತನ್ನೂ.
ಸುರಂಗ ಬಂದಾಗಲೆಲ್ಲ ಕಿಟಕಿಯ ಕಪ್ಪು ಗಾಜಿನೊಳಗೆ
ಬಂದ ದಾರಿಯನ್ನೇ ನೋಡುತ್ತ ಕೂತ
ಒಬ್ಬ ಮನುಷ್ಯ.